ರಾಯಲ್ಟಿಯೋ, ಲಾಭದ ಪಾಲೋ? ಮೊದಲು ‘ನಿವ್ವಳ ಮಾರಾಟ’ದ ವ್ಯಾಖ್ಯೆ ನೋಡಿ

ಹೊಸ ಔಷಧದ ಅಣು ಕಂಡುಹಿಡಿದ ಸಣ್ಣ ಕಂಪನಿ ದೊಡ್ಡ ಕಂಪನಿಯ ಹತ್ತಿರ ರಾಯಲ್ಟಿ (ಮಾರಾಟದ ಹಣದಲ್ಲಿ ಶೇಕಡಾ ಇಂತಿಷ್ಟು) ಕೇಳಬೇಕೋ, ಲಾಭದ ಪಾಲು ಕೇಳಬೇಕೋ ಎಂದಿದ್ದೀರಿ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ರಾಯಲ್ಟಿಯೇ ವಾಸಿ. ಲಾಭದ ಪಾಲಿನ ಜೊತೆಗೆ ಸಾಮಾನ್ಯವಾಗಿ ಖರ್ಚಿನ ಪಾಲೂ ಬರುತ್ತದೆ, ಬಹಳಷ್ಟು ಜನರ ಮೇಲೆ ನಡೆಸುವ ಮೂರನೇ ಹಂತದ ಪ್ರಯೋಗದ ಖರ್ಚಂತೂ ಸಣ್ಣವರನ್ನು ಮುಳುಗಿಸಿಬಿಡುತ್ತದೆ. ಇದಕ್ಕೊಂದು ದಾರಿಯೂ ಇದೆ: 2020ರ ಕೋವಿಡ್ ಲಸಿಕೆ ಒಪ್ಪಂದದಲ್ಲಿ ಅಭಿವೃದ್ಧಿ ವೆಚ್ಚವನ್ನು ಮೊದಲು ದೊಡ್ಡ ಕಂಪನಿ ಫೈಜರ್ ಪೂರ್ತಿ ಹಾಕುವುದು, ಲಸಿಕೆ ರೂಪಿಸಿದ ಸಣ್ಣ ಕಂಪನಿ ಬಯೋಎನ್‌ಟೆಕ್ ತನ್ನ ಅರ್ಧವನ್ನು ಮಾರಾಟ ಶುರುವಾದ ಮೇಲೆ ತೀರಿಸುವುದು ಎಂದಿತ್ತು.

ರಾಯಲ್ಟಿ ಆರಿಸಿದರೆ ಶೇಕಡಾವಾರಿನ ಮೇಲೆ ಜಗ್ಗಾಡುವುದಕ್ಕಿಂತ ‘ನಿವ್ವಳ ಮಾರಾಟ’ದ ವ್ಯಾಖ್ಯೆಯ ಮೇಲೆ ಜಗ್ಗಾಡಿ; ಕಡಿತಗಳೆಲ್ಲ ಕಳೆದು ಉಳಿದ ಆ ಮೊತ್ತದ ಮೇಲೆಯೇ ರಾಯಲ್ಟಿ ಲೆಕ್ಕ ಹಾಕುವುದು. 100ರ ಮಾರಾಟದಲ್ಲಿ ರಿಯಾಯಿತಿ, ರಿಬೇಟ್, ವಾಪಸಾದ ಸರಕು ಎಂದು 35 ಕಳೆದರೆ ನಿಮ್ಮ ಶೇ. 8 ಎಂಬುದು ಕೈಗೆ ಬರುವಾಗ 5.2. ನಿಮ್ಮ ಔಷಧವನ್ನು ಬೇರೆ ಔಷಧಗಳ ಜೊತೆ ಒಟ್ಟಾಗಿ ಮಾರಿ, ರಿಯಾಯಿತಿಯನ್ನೆಲ್ಲ ನಿಮ್ಮದರ ತಲೆಗೇ ಕಟ್ಟುವುದೂ ಉಂಟು.

ಮೂರನೆಯವರ ಪೇಟೆಂಟಿಗೆ ಕೊಡುವ ಹಣವನ್ನು ನಿಮ್ಮ ರಾಯಲ್ಟಿಯಿಂದ ಮುರಿದುಕೊಳ್ಳುವ ಷರತ್ತಿದ್ದರೆ, ಇಷ್ಟಕ್ಕಿಂತ ಕೆಳಗಿಳಿಯಬಾರದು ಎಂಬ ಮಿತಿ ಬರೆಸಿ. ಲೆಕ್ಕ ಪರಿಶೋಧನೆಯ ಹಕ್ಕೂ ಇರಲಿ. ಜೊತೆಗೆ, ಇಂತಿಷ್ಟು ತಿಂಗಳಲ್ಲಿ ಪ್ರಯೋಗ ಶುರುಮಾಡದಿದ್ದರೆ ಅಣು ನಿಮಗೇ ವಾಪಸು ಎಂಬ ಷರತ್ತನ್ನು ಬಿಡಲೇಬೇಡಿ. ಕಪಾಟಿನಲ್ಲಿಟ್ಟರೂ ಪೇಟೆಂಟಿನ 20 ವರ್ಷ ಓಡುತ್ತಲೇ ಇರುತ್ತದೆ.