ಕಲಬುರಗಿ ಬಿಸಿಲಿಗೆ ಹಳೇ ಕಾರಿನ ಇಂಜಿನ್ ಕಾಯುತ್ತಿದೆ, ಕಡಿಮೆ ಖರ್ಚಿನಲ್ಲಿ ನಾವೇ ಏನು ಮಾಡಬಹುದು?

ದೊಡ್ಡ ರೇಡಿಯೇಟರ್ (ಇಂಜಿನ್ ನೀರನ್ನು ತಣ್ಣಗಾಗಿಸುವ ಜಾಲರಿ) ಹಾಕಿಸುವ ಮಾತು ಆಮೇಲೆ. ಮೊದಲು ಇರುವುದಕ್ಕೆ ಗಾಳಿ ತಾಗುತ್ತಿದೆಯೇ ನೋಡಿ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ನಮ್ಮ ಕಡೆ ಹೊಟ್ಟು, ಕರಿಮಣ್ಣಿನ ಧೂಳು, ಸತ್ತ ಹುಳು ಎಲ್ಲ ಸೇರಿ ಎಸಿ ಕಂಡೆನ್ಸರ್ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕೂತಿರುತ್ತದೆ. ಮುಂದಿನಿಂದ ಕಾಣುವುದೇ ಇಲ್ಲ. ಇಂಜಿನ್ ಪೂರ್ತಿ ಆರಿದ ಮೇಲೆ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಪೈಪ್ ನೀರು ಬಿಡಿ. ಪ್ರೆಶರ್ ವಾಷರ್ ಬೇಡ, ಜಾಲರಿಯ ತೆಳು ತಗಡಿನ ಫಿನ್ ಮಡಚಿಕೊಳ್ಳುತ್ತವೆ.

ಆಮೇಲೆ ರೇಡಿಯೇಟರ್ ಮುಚ್ಚಳ. ಅದರ ರಬ್ಬರ್ ಬಿರುಕು ಬಿಟ್ಟಿದ್ದರೆ ಒತ್ತಡ ನಿಲ್ಲುವುದಿಲ್ಲ. ಸುಮಾರು 1 ಬಾರ್ ಒತ್ತಡ ಹಿಡಿದರೆ ನೀರು ಕುದಿಯುವುದು 100ಕ್ಕಲ್ಲ, 120 ಡಿಗ್ರಿ ಆಸುಪಾಸಿನಲ್ಲಿ. ಅಷ್ಟು ಲಾಭ ಇಷ್ಟು ಅಗ್ಗಕ್ಕೆ ಬೇರೆಲ್ಲೂ ಸಿಗದು. ಹಳೆಯದರ ಮೇಲೆ ಬರೆದಿರುವ ರೇಟಿಂಗ್‌ನದ್ದೇ ತನ್ನಿ, ಹೆಚ್ಚಿನದು ಹಾಕಿದರೆ ಹೋಸ್ ಒಡೆಯಬಹುದು.

ಬೋರ್‌ವೆಲ್ ನೀರು ಸುರಿಯಬೇಡಿ, ಒಳಗೆ ಸುಣ್ಣ ಕಟ್ಟುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ.

ಊರೊಳಗೆ ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ಮಾತ್ರ ಇಂಜಿನ್ ಕಾದು, ಹುಮನಾಬಾದ್ ರಸ್ತೆಯಲ್ಲಿ ಓಡುವಾಗ ತಣ್ಣಗಾದರೆ ಅನುಮಾನ ಫ್ಯಾನ್ ಮೇಲೆ: ಫ್ಯೂಸ್, ರಿಲೇ ನೋಡಿ. ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಯಾರಾದರೂ ಬಿಚ್ಚಿಟ್ಟಿದ್ದರೆ ಮರಳಿ ಹಾಕಿಸಿ. ವೇಗದಲ್ಲೇ ಕಾದರೆ ರೇಡಿಯೇಟರ್ ಕಟ್ಟಿರಬಹುದು ಅಥವಾ ವಾಟರ್ ಪಂಪ್ ಸೋತಿರಬಹುದು.

“ಥರ್ಮೋಸ್ಟಾಟ್ ಕಿತ್ತು ಬಿಡ್ರಿ” ಅನ್ನುವ ಮೆಕ್ಯಾನಿಕ್ ಮಾತು ಕೇಳಬೇಡಿ. ಬಿಸಿಗೆ ತಕ್ಕಂತೆ ಕೂಲಂಟ್ ದಾರಿ ತೆರೆದು ಮುಚ್ಚುವ ಆ ಕವಾಟ ಸಿಕ್ಕಿಹಾಕಿಕೊಂಡಿದ್ದರೆ ಹೊಸದು ಹಾಕಿಸಿ. ಬಿಸಿ ಇದ್ದಾಗ ಮಾತ್ರ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ.