ಏಪ್ರಿಲ್‌ನಲ್ಲಿ ಬಿಸಿಲಿದ್ದರೂ ಹಿಮಾಲಯದಲ್ಲಿ ಹಿಮಕುಸಿತದ ಭಯ ಇರುತ್ತದಾ?

ಇರುತ್ತದೆ. ಆ ಬಿಸಿಲೇ ಕಾರಣ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಹಿಮ ಕುಸಿದು 7 ಪ್ರವಾಸಿಗರು ಸತ್ತರು. ಟ್ರೆಕ್ ಬಿಡಿ, ಅದು ವಾಹನ ಓಡಾಡುವ ರಸ್ತೆ.

ಹಗಲಲ್ಲಿ ಮೇಲಿನ ಹಿಮ ಕರಗಿ ನೀರು ಒಳಗೆ ಇಳಿಯುತ್ತದೆ. ಹಿಮದ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಇಳಿಜಾರು 30ರಿಂದ 45 ಡಿಗ್ರಿ ಇದ್ದರೆ ಇಡೀ ಪದರವೇ ಜಾರಿಬಿಡಬಹುದು. ರಾತ್ರಿ ಚಳಿಗೆ ಅದೇ ಹಿಮ ಮತ್ತೆ ಗಟ್ಟಿಯಾಗುತ್ತದೆ. ಅದಕ್ಕೇ ಗೈಡ್‌ಗಳು ಬೆಳಗಿನ ಜಾವ 3 ಗಂಟೆಗೇ ಎಬ್ಬಿಸುವುದು. ದಯವಿಟ್ಟು ಗೊಣಗಬೇಡಿ, ಎದ್ದು ಹೊರಡಿ. ಆದರೆ ರಾತ್ರಿಯೆಲ್ಲ ಮೋಡ ಕವಿದಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟಿರುವುದಿಲ್ಲ. ಆಗ ಬೇಗ ಹೊರಟರೂ ಭರವಸೆ ಇಲ್ಲ.

ನಡೆಯುವಾಗ ಕಾಲ ಕೆಳಗೆ ಗಮನವಿರಲಿ. ಬೆಳಿಗ್ಗೆ ಬೂಟಿನ ಕೆಳಗೆ ಕರಕರ ಅನ್ನುತ್ತಿದ್ದ ಹಿಮ, ಬಿಸಿಲೇರಿದ ಮೇಲೆ ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಗಿ ಕಾಲು ಮೊಣಕಾಲಿನವರೆಗೆ ಹೂತುಹೋಗುತ್ತಿದೆಯಾ? ಮೇಲಿನಿಂದ ಸಣ್ಣ ಸಣ್ಣ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರುತ್ತಿವೆಯಾ? ತಕ್ಷಣ ಆ ಇಳಿಜಾರು ಬಿಟ್ಟು ಬನ್ನಿ. ಫೋಟೋಗೆ ಅಂತ ಐದು ನಿಮಿಷವೂ ನಿಲ್ಲಬೇಡಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಬಿಸಿಯಾಗುತ್ತದೆ, ಪಶ್ಚಿಮದ್ದು ಮಧ್ಯಾಹ್ನದ ಮೇಲೆ.

ಒದ್ದೆ ಹಿಮ ತುಂಬಾ ಭಾರ. ನಿಂತ ಮೇಲೆ ಸಿಮೆಂಟಿನ ಹಾಗೆ ಬಿಗಿಯುತ್ತದೆ, ಸಿಕ್ಕಿಕೊಂಡವರು ಕೈ ಕೂಡ ಅಲ್ಲಾಡಿಸಲಾರರು. ಬದುಕಿಸಲು ಸಿಗುವುದು ಹೆಚ್ಚು ಕಡಿಮೆ ಮೊದಲ 10-15 ನಿಮಿಷ. ಹಾಗಾಗಿ ತಂಡದಲ್ಲಿ ಪ್ರತಿಯೊಬ್ಬರ ಹತ್ತಿರವೂ ಬೀಕನ್ (ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ, ಹಿಡಿಯುವ ಸಾಧನ), ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಪ್ರೋಬ್ ಕೋಲು, ಅಗೆಯಲು ಸಲಿಕೆ ಇರಬೇಕು. ಇವು ಇವೆಯಾ ಅಂತ ಟ್ರೆಕ್‌ಗೆ ದುಡ್ಡು ಕಟ್ಟುವ ಮೊದಲೇ ಕೇಳಿ ನೋಡಿ.