ಮಗ ಓದಿದ ಪುಸ್ತಕವನ್ನೇ ಮತ್ತೆ ಮತ್ತೆ ಓದುತ್ತಾನೆ. ಬೇಸಿಗೆ ರಜೆಯಲ್ಲಿ 30 ಹೊಸ ಪುಸ್ತಕ ಓದಿಸುವುದು ಹೇಗೆ?

ನಿಮ್ಮ ಪತ್ರವನ್ನೂ, ಸರಿಯಿದೆಯೇ ಎಂದು ಕೇಳಿ ಅದರ ಜೊತೆ ಕಳಿಸಿದ ಪಟ್ಟಿಯನ್ನೂ ಎರಡು ಸಲ ಓದಿದೆ. 30 ಪುಸ್ತಕ, ಗೋಡೆಗೆ ಚಾರ್ಟು, ಮುಗಿಸಿದ ಪ್ರತಿ ಪುಸ್ತಕಕ್ಕೂ ಒಂದು ಬಹುಮಾನ. ನಮ್ಮ ಮನೆಯ ಗೋಡೆಯ ಮೇಲೂ ಒಂದು ಬೇಸಿಗೆಯಲ್ಲಿ ಇದೇ ಚಾರ್ಟು ಇತ್ತು. ನಮ್ಮದು 40. ನಿಮಗಿಂತ ನಾನು ದುರಾಸೆಯವನು.

ಮಗಳಿಗೆ ಆಗ ಒಂಬತ್ತು ವರ್ಷ. ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಹೋಗುತ್ತಿದ್ದೆವು. ಒಳಗೆ ಕಾಲಿಟ್ಟ ಕೂಡಲೇ ನಾನು ಪತ್ರಿಕೆಗಳ ಕಡೆಗೆ, ಅವಳು ನೇರವಾಗಿ ಒಂದೇ ಕಪಾಟಿನ ಕಡೆಗೆ. ಮೇಜು ಕುರ್ಚಿ ಖಾಲಿ ಇದ್ದರೂ ಎರಡು ಕಪಾಟುಗಳ ನಡುವಿನ ಸಂದಿಯಲ್ಲಿ, ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ತೊಡೆಯ ಮೇಲೆ ಆಕ್ಟೋಪಸ್ ಕುರಿತ ಒಂದು ಪುಸ್ತಕ. ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 594 ಎಂಬ ಸಂಖ್ಯೆ. ಮೂಲೆಗಳು ಮೆತ್ತಗಾಗಿ, ಹಿಂಬದಿಯ ದಿನಾಂಕದ ಚೀಟಿಯಲ್ಲಿ ನೇರಳೆ ಮುದ್ರೆಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳಲ್ಲಿ ಏಳು ಅವಳವೇ.

ಏಳು ಸಲ! ನನಗೆ ಹೊಟ್ಟೆಯಲ್ಲಿ ಸಂಕಟ. ಗ್ರಂಥಾಲಯದ ತುಂಬ ಪುಸ್ತಕಗಳಿರುವಾಗ ಇವಳು ಅದೇ ಎಂಟು ಕೈಗಳ ಪ್ರಾಣಿಯನ್ನು ಹಿಡಿದು ಕೂತಿದ್ದಾಳಲ್ಲ ಎಂದು. ಹಾಗಾಗಿ ರಜೆ ಶುರುವಾಗುವ ಹಿಂದಿನ ದಿನ ಚಾರ್ಟು ಸಿದ್ಧಪಡಿಸಿದೆ. 40 ಚೌಕಗಳು, ಒಂದು ಪುಸ್ತಕಕ್ಕೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಉಡುಗೊರೆ. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ನಿಯಮ: ಒಮ್ಮೆ ಓದಿದ ಪುಸ್ತಕ ಲೆಕ್ಕಕ್ಕಿಲ್ಲ.

ತಪ್ಪಾಗಿದ್ದು ಆ ಕೆಂಪು ಸಾಲಿನಲ್ಲಿ. ಪಟ್ಟಿಯನ್ನು ಮಗಳು ಕ್ಷಮಿಸುತ್ತಿದ್ದಳು, ನಕ್ಷತ್ರವನ್ನು ಬೇಸಿಗೆ ಮುಗಿದ ಮೇಲೆ ಮರೆಯುತ್ತಿದ್ದಳು. ಆ ಒಂದು ಸಾಲು ಮಾತ್ರ ಅವಳಿಗೆ ಬೇರೆಯದೇ ಒಂದು ವಿಷಯ ಹೇಳಿತು: ನೀನು ಇಷ್ಟು ದಿನ ಮಾಡುತ್ತಿದ್ದುದು ಓದು ಅಲ್ಲ. ಇದನ್ನು ಇಷ್ಟು ಒತ್ತಿ ಹೇಳುತ್ತಿರುವುದು ಏಕೆಂದರೆ, ನಿಮ್ಮ ಪತ್ರದಲ್ಲೂ ಅದೇ ಸಾಲು ಇದೆ. 'ಹೊಸ ಪುಸ್ತಕ' ಎಂದು ನೀವು ಮೂರು ಸಲ ಬರೆದಿದ್ದೀರಿ.

ಅವಳು ಆ ಪುಸ್ತಕದಲ್ಲಿ ಏನು ಮಾಡುತ್ತಿದ್ದಳು ಎಂಬುದನ್ನು ನಾನು ಒಮ್ಮೆಯೂ ಕೂತು ನೋಡಿರಲಿಲ್ಲ. ಈಗ ನೆನಪುಗಳನ್ನು ಜೋಡಿಸಿದರೆ ಗೊತ್ತಾಗುತ್ತದೆ. ಮೊದಲ ಸಲ ಓದಿದಾಗ ಆಕ್ಟೋಪಸ್‌ಗೆ ಮೂರು ಹೃದಯ, ನೀಲಿ ರಕ್ತ ಎಂದು ಮನೆಯವರಿಗೆಲ್ಲ ಸಾರಿ ಕುಣಿದಳು. ಮೂರನೆಯ ಸಲವೋ ನಾಲ್ಕನೆಯ ಸಲವೋ, ಅದರ ನರಕೋಶಗಳಲ್ಲಿ ಹೆಚ್ಚಿನವು ತಲೆಯಲ್ಲಿಲ್ಲ, ಕೈಗಳಲ್ಲಿವೆ ಎಂಬುದನ್ನು ಓದಿ, ಹಾಗಾದರೆ ಕೈಗೆ ನೆನಪಿರುತ್ತದೆಯೇ ಎಂದು ಕೇಳಿದಳು. ಏಳನೆಯ ಸಲದ ಹೊತ್ತಿಗೆ ಅವಳು ಒಂದೇ ಪುಟದಲ್ಲಿ ನಿಂತುಬಿಟ್ಟಿದ್ದಳು. ತಾಯಿ ಆಕ್ಟೋಪಸ್ ಮೊಟ್ಟೆಗಳನ್ನು ಕಾಯುತ್ತಾ ಊಟ ಬಿಡುತ್ತದೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತದೆ ಎಂಬ ಪುಟ. "ಊಟ ಮಾಡಬೇಡ ಎಂದು ಅದಕ್ಕೆ ಯಾರು ಹೇಳುತ್ತಾರೆ?" ಎಂದು ಕೇಳಿದಳು. ನಾನು ಕೊಟ್ಟ ಉತ್ತರ ನೆನಪಿದೆ: "ಬೇರೆ ಪುಸ್ತಕ ತೆಗೆದುಕೋ."

ಹೀಗಿರುವಾಗ ಇದನ್ನು ಹಳೆಯ ಪುಸ್ತಕ ಎನ್ನಲು ಬಾಯಿ ಬರುತ್ತದೆಯೇ? ಪ್ರತಿ ಸಲವೂ ಅವಳು ಓದಿದ್ದು ಬೇರೆ ಪುಸ್ತಕವನ್ನು. ರಟ್ಟು ಮಾತ್ರ ಅದೇ.

ಇನ್ನೊಂದು ಸಂಗತಿಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಗ್ರಂಥಾಲಯದ ಆ ಸಂಖ್ಯೆಗಳು ಸುಮ್ಮನೆ ಇರುವುದಲ್ಲ. 1876ರಲ್ಲಿ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಮಾಂಶ ವರ್ಗೀಕರಣದಲ್ಲಿ 500ರಿಂದ ವಿಜ್ಞಾನ, 590ರಿಂದ ಪ್ರಾಣಿಗಳು. 594ರಲ್ಲಿ ಆಕ್ಟೋಪಸ್ ಜೊತೆಗೆ ಬಸವನಹುಳು, ಪಕ್ಕದ 595ರಲ್ಲಿ ಏಡಿ ಮತ್ತು ಕೀಟಗಳು, ಕೈ ಇನ್ನಷ್ಟು ಚಾಚಿದರೆ 597ರಲ್ಲಿ ಮೀನು. ನೆಲದ ಮೇಲೆ ಕೂತವಳು ಆಗಲೇ ಬಸವನಹುಳುವಿನ ಪುಸ್ತಕ ತೆಗೆದು ಪಕ್ಕದಲ್ಲಿ ಇಟ್ಟುಕೊಳ್ಳತೊಡಗಿದ್ದಳು. ಏಡಿಯದೂ ಒಂದು ಇತ್ತು. ಆಕ್ಟೋಪಸ್ ಅವಳ ಮನೆ. ಅಲ್ಲಿಂದ ವಾರಕ್ಕೊಂದು ಅಂಗಳ ನೋಡಿ ಬರುತ್ತಿದ್ದಳು. ನಾನು ಮನೆಗೇ ಬೀಗ ಹಾಕಿದೆ.

ಚಾರ್ಟಿನ ಕಥೆ ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ಹೆಚ್ಚೇನಿಲ್ಲ. ಮೊದಲ ವಾರ ಐದು ನಕ್ಷತ್ರ. ಎರಡನೆಯ ವಾರ ಒಂಬತ್ತು. ನಾನು ಎಲ್ಲರೆದುರು ಬೀಗಿದ್ದೇ ಬೀಗಿದ್ದು. ಅವಳು ಪುಸ್ತಕವನ್ನು ಕಪಾಟಿನಿಂದ ತೆಗೆಯುವ ಮೊದಲು ಅಂಚಿನಲ್ಲಿ ಬೆರಳಿಟ್ಟು ದಪ್ಪ ಅಳೆಯುವುದನ್ನು ನೋಡಿದ್ದು ಮೂರನೆಯ ವಾರದಲ್ಲಿ. ಸಂಜೆ ನಾನು ಕೇಳುತ್ತಿದ್ದ ಪ್ರಶ್ನೆಯೂ ಬದಲಾಗಿತ್ತು. ಮೊದಲು 'ಆಮೇಲೆ ಏನಾಯಿತು?' ಎನ್ನುತ್ತಿದ್ದವನು ಈಗ 'ಎಷ್ಟು ಪುಟ ಆಯಿತು?' ಎನ್ನುತ್ತಿದ್ದೆ. 40ನೆಯ ನಕ್ಷತ್ರ ಅಂಟಿಸಿದ ದಿನ ಅವಳು ಗ್ರಂಥಾಲಯದ ಸದಸ್ಯತ್ವದ ಕಾರ್ಡನ್ನು ನನ್ನ ಕೈಗೆ ಕೊಟ್ಟು, "ಮುಗಿಯಿತಲ್ಲ?" ಎಂದಳು. ಮುಗಿದೇ ಹೋಯಿತು. ಮುಂದಿನ ನಾಲ್ಕು ವರ್ಷ ಪಠ್ಯಪುಸ್ತಕ ಬಿಟ್ಟು ಬೇರೇನನ್ನೂ ಅವಳು ತಾನಾಗಿ ತೆರೆಯಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎನ್ನುತ್ತಾರಲ್ಲ, ಹಾಗೆ.

ಬಹುಮಾನದ ವಿಷಯದಲ್ಲಿ ನನ್ನ ಮಾತು ನಂಬಬೇಡಿ, 1973ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು, ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್, ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು ನೋಡಿ. ಬಣ್ಣದ ಪೆನ್ನುಗಳಿಂದ ಚಿತ್ರ ಬರೆಯುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳು ಅವರು. ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಕೆಲವರಿಗೆ ಮುಂಚೆಯೇ ಹೇಳಿದರು. ಕೆಲವು ದಿನಗಳ ನಂತರ, ಪ್ರಶಸ್ತಿಯ ಮಾತೇ ಇಲ್ಲದಾಗ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಮುಟ್ಟಿದರು. ಗಮನಿಸಿ, ಹೇಳದೆ ಕೊಟ್ಟ ಬಹುಮಾನ ಏನೂ ಕೆಡಿಸಲಿಲ್ಲ. ಇಷ್ಟವಿಲ್ಲದ ಕೆಲಸಕ್ಕೆ ಬಹುಮಾನದ ಆಸೆ ತೋರಿಸುವುದು ಬೇರೆ ಮಾತು. ನಿಮ್ಮ ಮಗನಿಗೆ ಓದುವುದು ಇಷ್ಟವಿದೆ. ನಿಮಗೆ ಇಷ್ಟವಾಗದ್ದು ಅವನ ಆಯ್ಕೆ.

ಬೇಸಿಗೆಯಲ್ಲಿ ಓದು ಬಿಟ್ಟರೆ ಹಿಂದೆ ಬೀಳುತ್ತಾನೆ ಎಂಬ ನಿಮ್ಮ ಹೆದರಿಕೆ ಸುಳ್ಳಲ್ಲ. ಆದರೆ ಅದಕ್ಕೆ ಮದ್ದು ಪಟ್ಟಿಯಲ್ಲ. ಫ್ಲೋರಿಡಾದಲ್ಲಿ ಬಡ ಕುಟುಂಬಗಳ ಮಕ್ಕಳಿಗೆ ಸತತ ಮೂರು ಬೇಸಿಗೆ ತಲಾ 12 ಪುಸ್ತಕ ಕೊಟ್ಟು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಓದುವ ಸಾಮರ್ಥ್ಯ, ಪುಸ್ತಕ ಸಿಗದವರಿಗಿಂತ ಹೆಚ್ಚಿತು. ಪುಸ್ತಕಗಳನ್ನು ಆರಿಸಿದ್ದು ಮಕ್ಕಳೇ. 40 ಅಲ್ಲ, 30 ಅಲ್ಲ, 12.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ ಗ್ರಂಥಾಲಯಕ್ಕೆ ಬರುವ ಮೊದಲು ಗಣಿತದ ಮೇಷ್ಟ್ರಾಗಿದ್ದವರು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ಲೆಕ್ಕದ ಮೇಷ್ಟ್ರೇ ಎಷ್ಟು ಪುಸ್ತಕ ಎಂದು ಲೆಕ್ಕ ಹಾಕಲಿಲ್ಲ, ನಾನು ಹಾಕಿದೆ.

ಹದಿಮೂರು ತುಂಬಿದ ಮೇಲೆ ಒಂದು ದಿನ ಅವಳೇ, "ಆ ಪುಸ್ತಕ ಇನ್ನೂ ಇದೆಯೇ?" ಎಂದು ಕೇಳಿದಳು. ಯಾವ ಪುಸ್ತಕ ಎಂದು ನಾನು ಕೇಳಬೇಕಾಗಲಿಲ್ಲ. ಹೋದೆವು. 594ರಲ್ಲಿ ಅದು ಇರಲಿಲ್ಲ. ಬಹಳ ಕಾಲ ಯಾರೂ ಒಯ್ಯದ ಪುಸ್ತಕಗಳನ್ನು ಗ್ರಂಥಾಲಯಗಳು ಆಗಾಗ ತೆಗೆದುಹಾಕುತ್ತವೆ, ಹೊಸದಕ್ಕೆ ಜಾಗ ಬೇಕಲ್ಲ. ಕೊನೆಕೊನೆಗೆ ಅದನ್ನು ಒಯ್ಯುತ್ತಿದ್ದವಳು ಇವಳೊಬ್ಬಳೇ ಇರಬೇಕು. ಖಾಲಿ ಜಾಗದ ಎದುರು ಅವಳು ನಿಂತದ್ದನ್ನು ನೋಡಲಾಗದೆ ನಾನು ಪತ್ರಿಕೆಗಳ ಕಡೆ ತಿರುಗಿದೆ.

ಅರ್ಧ ಗಂಟೆ ಬಿಟ್ಟು ಬಂದರೆ ಅವಳು ಆ ಸಂದಿಯಲ್ಲೇ ಕೂತಿದ್ದಳು. ಕಾಲುಗಳು ಈಗ ಎದುರಿನ ಕಪಾಟಿಗೆ ತಾಗುತ್ತಿದ್ದವು. ತೊಡೆಯ ಮೇಲೆ ಅದೇ ಪ್ರಾಣಿಯ ಕುರಿತ ದೊಡ್ಡವರ ಪುಸ್ತಕ, ಚಿತ್ರ ಕಡಿಮೆ, ಅಕ್ಷರ ಸಣ್ಣದು. ತಲೆ ಎತ್ತದೆಯೇ ಹೇಳಿದಳು: ಕಣ್ಣಿನ ಬಳಿ ಒಂದು ಗ್ರಂಥಿ ಇದೆಯಂತೆ, ಮೊಟ್ಟೆ ಇಟ್ಟ ಆಕ್ಟೋಪಸ್‌ನಿಂದ ಅದನ್ನು ತೆಗೆದರೆ ತಾಯಿ ಮತ್ತೆ ಊಟ ಶುರು ಮಾಡುತ್ತದಂತೆ, ಹೆಚ್ಚು ಕಾಲ ಬದುಕುತ್ತದಂತೆ, 1977ರಲ್ಲೇ ಇದನ್ನು ಕಂಡುಕೊಂಡಿದ್ದರಂತೆ. ನಾಲ್ಕು ವರ್ಷಗಳ ಹಿಂದೆ ನಾನು ತಳ್ಳಿಹಾಕಿದ ಪ್ರಶ್ನೆಗೆ ಉತ್ತರ ಅದೇ ಕಪಾಟಿನಲ್ಲಿ, ಎರಡು ಗೇಣು ಆಚೆ ಇತ್ತು.

ಹಾಗಾಗಿ ಪಟ್ಟಿ ಸರಿಯಿದೆಯೇ ಎಂಬುದಕ್ಕೆ ನಾನು ಉತ್ತರ ಕೊಡುವುದಿಲ್ಲ. ಪಟ್ಟಿ ನಿಮ್ಮದು, ನೀವೇ ಓದಿ. ನಿಜವಾಗಿಯೂ ಹೇಳುತ್ತಿದ್ದೇನೆ, ಅದರಲ್ಲಿ ಒಳ್ಳೆಯ ಪುಸ್ತಕಗಳಿವೆ. ಅವನನ್ನು ಗ್ರಂಥಾಲಯಕ್ಕೆ ಕರೆದೊಯ್ಯಿರಿ, ಅವನು ಕೂತ ಜಾಗದಿಂದ ಎಬ್ಬಿಸಬೇಡಿ, ಬಹುಮಾನದ ಮಾತು ತೆಗೆಯಬೇಡಿ. ಇಷ್ಟಕ್ಕೂ ಒಂದು ವಿಷಯ ಕೇಳಬೇಕಿತ್ತು. ನೀವು ಓದಿಸಬೇಕೆಂದಿರುವ 30 ಪುಸ್ತಕಗಳ ಹೆಸರನ್ನೂ ಲೇಖಕರ ಸಮೇತ ಬರೆದಿದ್ದೀರಿ. ಅವನು ಮತ್ತೆ ಮತ್ತೆ ಓದುತ್ತಾನೆ ಎಂದಿರಲ್ಲ, ಆ ಪುಸ್ತಕದ ಹೆಸರು ಎಲ್ಲೂ ಇಲ್ಲ. ಯಾವುದದು?